ಮಿಠಾಯಿಯ ಮುಂದೆ ವೈನ್ ಹುಳಿಯಾಗುವುದೇಕೆ?

ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ಅಮೆರಿಕದ ಮಕ್ಕಳು ಭೂತ, ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು, ಕೈಯಲ್ಲೊಂದು ಚೀಲ ಹಿಡಿದು ನೆರೆಹೊರೆಯ ಬಾಗಿಲು ತಟ್ಟುತ್ತಾರೆ. ಇದು ಹ್ಯಾಲೋವೀನ್. ಬಾಗಿಲು ತೆರೆದವರು ಚೀಲಕ್ಕೆ ಮಿಠಾಯಿ ಹಾಕುವುದು ಪದ್ಧತಿ. ಮಕ್ಕಳು ಮಲಗಿದ ಮೇಲೆ ಆ ಚೀಲದತ್ತ ಹಿರಿಯರ ಕೈ ಹೋಗುತ್ತದೆ, ಕೆಲವರಿಗೆ ಜೊತೆಗೊಂದು ಲೋಟ ವೈನ್ ಬೇರೆ. ಯಾವ ಮಿಠಾಯಿಗೆ ಯಾವ ವೈನ್ ಹೊಂದುತ್ತದೆ ಎಂಬ ಪಟ್ಟಿಗಳೂ ಆ ದಿನಗಳಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ಅಚ್ಚಾಗುವುದುಂಟು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಸೂತ್ರವೊಂದಿದೆ: ವೈನ್ ಮಿಠಾಯಿಗಿಂತ ಹೆಚ್ಚು ಸಿಹಿಯಾಗಿರಬೇಕು, ಕೊನೆಯ ಪಕ್ಷ ಅಷ್ಟಾದರೂ ಸಿಹಿಯಾಗಿರಬೇಕು.

ಮಕ್ಕಳು ಓದುವ ಪುಟದಲ್ಲಿ ಮದ್ಯದ ಮಾತೇಕೆ ಎಂದು ಪೋಷಕರು ಹುಬ್ಬೇರಿಸುವುದು ಬೇಡ. ಅಮೆರಿಕದಲ್ಲೂ 21 ತುಂಬುವವರೆಗೆ ಮದ್ಯ ಕೊಳ್ಳುವಂತಿಲ್ಲ. ಇಲ್ಲಿ ನಮಗೆ ಬೇಕಾದದ್ದು ಆ ಸೂತ್ರದ ಹಿಂದಿರುವ ನಾಲಗೆಯ ವಿಚಾರ. ಅದನ್ನು ತಿಳಿಯಲು ವೈನ್ ಬೇಕಾಗಿಯೂ ಇಲ್ಲ. ಎರಡು ಜಿಲೇಬಿ ತಿಂದು ಕಾಫಿ ಕುಡಿದವರು 'ಸಕ್ಕರೆ ಹಾಕೋದು ಮರೆತೆಯೇನಮ್ಮ?' ಎಂದು ಕೇಳುವುದನ್ನು ನೀವು ಗಮನಿಸಿರಬಹುದು. ಅಮ್ಮ ಮರೆತಿರುವುದಿಲ್ಲ. ನಾಲಗೆ ತಾನು ಈಗಷ್ಟೇ ಕಂಡ ಸಿಹಿಯೊಂದಿಗೆ ಹೋಲಿಸಿ ಕಾಫಿಯ ಸಿಹಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ನಾಲಗೆಯ ಮೇಲಿನ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ಜೀವಕೋಶಗಳಿವೆ. (ತುದಿಯಲ್ಲಿ ಸಿಹಿ, ಹಿಂಬದಿಯಲ್ಲಿ ಕಹಿ ಎಂದು ನಾಲಗೆಯನ್ನು ಜಿಲ್ಲೆಗಳಂತೆ ಹಂಚುವ ಹಳೆಯ ಪಠ್ಯಪುಸ್ತಕದ ಚಿತ್ರವನ್ನು ಮರೆತುಬಿಡಿ. ಎಲ್ಲ ರುಚಿಗಳೂ ಮೊಗ್ಗುಗಳಿರುವ ಎಲ್ಲ ಕಡೆಯೂ ತಿಳಿಯುತ್ತವೆ.) ಈ ಕೋಶಗಳ ಹೊರಪೊರೆಯಲ್ಲಿರುವ ಪ್ರೋಟೀನ್ ಗ್ರಾಹಿಗಳಿಗೆ ಸಕ್ಕರೆಯ ಅಣು ಬಂದು ಕೂತಾಗ ಮಿದುಳಿಗೆ ಸುದ್ದಿ ಹೋಗುತ್ತದೆ. ಸಕ್ಕರೆ ಒಂದೇ ಸಮನೆ ಬರುತ್ತಿದ್ದರೆ ಸುದ್ದಿ ಕ್ಷೀಣಿಸುತ್ತದೆ. ಬಿಸಿಲಿನಿಂದ ಒಳಗೆ ಬಂದವರಿಗೆ ಮನೆ ಕತ್ತಲೆಯೆನಿಸುವ ಹಾಗೆಯೇ ಇದು.

ಈಗ ವೈನಿಗೆ ಬರೋಣ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೊಡುತ್ತದೆ. ಪೂರ್ತಿ ಹುದುಗಿದ ವೈನಿನಲ್ಲಿ ಉಳಿಯುವ ಸಕ್ಕರೆ ಲೀಟರಿಗೆ ಸಾಮಾನ್ಯವಾಗಿ 4 ಗ್ರಾಮಿಗಿಂತ ಕಡಿಮೆ. ಆಮ್ಲವೋ ಹಾಗೆಯೇ ಉಳಿದಿರುತ್ತದೆ. ಅದರಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ, ನಮ್ಮ ಸಾರಿನ ಹುಣಸೆಹಣ್ಣಿನಲ್ಲಿರುವುದೂ ಇದೇ. ಬರಿಯ ಬಾಯಿಗೆ ಅಂಥ ವೈನ್ ಹದವಾಗಿ ಕಾಣಬಹುದು. ಆದರೆ ತೂಕದ ಅರ್ಧದಷ್ಟು ಸಕ್ಕರೆಯೇ ಇರುವ ಹಾಲಿನ ಚಾಕೊಲೇಟನ್ನು ತಿಂದು ಅದನ್ನು ಗುಟುಕರಿಸಿದರೆ ಇದ್ದ ಚೂರು ಸಿಹಿಯೂ ನಾಲಗೆಗೆ ಕಾಣದು. ಹುಳಿ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಬಾಟಲಿಯೊಳಗೆ ಏನೂ ಬದಲಾಗಿರುವುದಿಲ್ಲ.

ಕೆಂಪು ವೈನಿನಲ್ಲಿ ಇನ್ನೊಂದು ತೊಡಕಿದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಟ್ಟಿಮಾಡುತ್ತವೆ. ಜೊಲ್ಲಿನ ಜಾರುಗುಣ ಹೋಗಿ ಬಾಯಿ ಒಣಗಿದಂತಾಗುತ್ತದೆ. ಬಲಿಯದ ಬಾಳೆಕಾಯಿ ಕಚ್ಚಿದಾಗ ಆಗುವುದೂ ಇದೇ, ಅದಕ್ಕೆ ಕನ್ನಡದಲ್ಲಿ 'ಒಗರು' ಎಂಬ ಸೊಗಸಾದ ಪದವಿದೆ. ಕಪ್ಪು ಚಾಕೊಲೇಟಿನ ಕೋಕೋದಲ್ಲಿಯೂ ಇಂಥವೇ ಪದಾರ್ಥಗಳಿವೆ. ಒಗರಿಗೆ ಒಗರು ಸೇರಿದರೆ ಕೇಳಬೇಕೆ? ಚಾಕೊಲೇಟಿಗೆ ಕೆಂಪು ವೈನ್ ಎಂದರೆ ಒಳ್ಳೆಯ ಜೋಡಿ ಎಂಬ ಮಾತು ಕೇಳಲಷ್ಟೇ ಚೆಂದ.

ಕಡಲೆಕಾಯಿ ತುಂಬಿದ ಮಿಠಾಯಿಗಳು ಇದಕ್ಕಿಂತ ಸುಲಭವಾಗಿ ಹೊಂದುತ್ತವೆ. ಅವುಗಳಲ್ಲಿ ಉಪ್ಪಿದೆ. ಉಪ್ಪು ಕಹಿಯನ್ನು ಅಡಗಿಸಿ ಆ ಮೂಲಕ ಸಿಹಿಯನ್ನು ಎತ್ತಿ ತೋರಿಸುತ್ತದೆ ಎಂದು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ವರದಿ ಮಾಡಿದರು. ಹಳದಿ, ಕಿತ್ತಳೆ, ಬಿಳಿ ಪಟ್ಟೆಯ 'ಕ್ಯಾಂಡಿ ಕಾರ್ನ್' ಮಾತ್ರ ಬರೀ ಸಕ್ಕರೆ ಮತ್ತು ಜೋಳದ ಪಾಕ. ಅದರೆದುರು ನಿಲ್ಲುವ ವೈನ್ ಅಪರೂಪ.

ಹಾಗಾದರೆ ನಿಲ್ಲುವವು ಯಾವುವು? ಪೋರ್ಚುಗಲ್ಲಿನ ಡೋರೊ ನದಿ ಕಣಿವೆಯ ಪೋರ್ಟ್ ಅವುಗಳಲ್ಲೊಂದು. ದ್ರಾಕ್ಷಿ ರಸ ಅರ್ಧ ಹುದುಗಿರುವಾಗಲೇ ಅದಕ್ಕೆ ಕಟುವಾದ ದ್ರಾಕ್ಷಿ ಮದ್ಯಸಾರ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಅದು ತಿನ್ನದೆ ಬಿಟ್ಟ ಸಕ್ಕರೆ ಲೀಟರಿಗೆ ಸುಮಾರು 100 ಗ್ರಾಮಿನಷ್ಟು ಉಳಿಯುತ್ತದೆ. ಫ್ರಾನ್ಸಿನ ಸೊಟೆರ್ನ್‌ನದು ಬೇರೆ ದಾರಿ. ಅಲ್ಲಿ ಬೋಟ್ರೈಟಿಸ್ ಎಂಬ ಬೂಷ್ಟು ಗಿಡದ ಮೇಲೆಯೇ ದ್ರಾಕ್ಷಿಯ ನೀರು ಆರಿಸಿ ಸಕ್ಕರೆಯನ್ನು ಸಾಂದ್ರಗೊಳಿಸುತ್ತದೆ. ನಮ್ಮ ರೈತರು ಕಂಡರೆ ಔಷಧಿ ಹೊಡೆಯುವಂಥ ಬೂಷ್ಟು, ಅಲ್ಲಿ ಅದಕ್ಕಾಗಿ ಕಾಯುತ್ತಾರೆ!

ಸೂತ್ರ ಸರಿಯಾದದ್ದೇ. ಆದರೆ ಅದರೊಳಗೊಂದು ಗುಂಡಿಯೂ ಇದೆ. ಸಿಹಿ ಹುಳಿಯನ್ನು ಮರೆಮಾಡಿದಂತೆ ಮದ್ಯಸಾರದ ಘಾಟನ್ನೂ ಮರೆಮಾಡುತ್ತದೆ. ಸಾಧಾರಣ ವೈನಿನಲ್ಲಿ ನೂರಕ್ಕೆ 13ರಷ್ಟು ಮದ್ಯಸಾರವಿದ್ದರೆ ಪೋರ್ಟಿನಲ್ಲಿ ಸುಮಾರು 20. ಆದ್ದರಿಂದಲೇ ಅದನ್ನು 75 ಮಿಲಿಲೀಟರಿನ ಸಣ್ಣ ಲೋಟದಲ್ಲಿ ಕೊಡುತ್ತಾರೆ. ಸಿಹಿಯಾಗಿದೆಯೆಂದು ಒಬ್ಬರು 150 ಮಿಲಿಲೀಟರಿನ ವೈನ್ ಲೋಟದ ತುಂಬ ಸುರಿದುಕೊಂಡರು ಎನ್ನಿ. ಲೆಕ್ಕ ಹಾಕಿ: ದೇಹಕ್ಕೆ ಸೇರಿದ ಮದ್ಯಸಾರ 30 ಮಿಲಿಲೀಟರ್. ನಮ್ಮಲ್ಲಿ ಮಾರುವ 42.8 ಅಂಶದ ವಿಸ್ಕಿಯ ಒಂದು ಸಣ್ಣ ಪೆಗ್ಗಿನಲ್ಲಿ ಇರುವುದು 13 ಮಿಲಿಲೀಟರಿಗೆ ಚೂರು ಕಡಿಮೆ. ಎರಡು ಪೆಗ್ಗಿಗಿಂತ ಹೆಚ್ಚು ಒಳಗೆ ಹೋಗಿದ್ದರೂ ನಾಲಗೆ ಮಾತ್ರ ಪಾನಕ ಎನ್ನುತ್ತಿರುತ್ತದೆ. ಯಕೃತ್ತು ನಾಲಗೆಯ ಮಾತು ಕೇಳುವುದಿಲ್ಲ. ಮದ್ಯಪಾನ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ಪಟ್ಟಿ ಮಾಡಿದೆ. ಸಿಹಿ ವೈನಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಹಣ್ಣಿನ ರುಚಿಯ, ಬಣ್ಣದ ಬಾಟಲಿಯ ಸಿಹಿ ಮದ್ಯಗಳು ಕಾಲೇಜು ಮಕ್ಕಳ ಕಣ್ಣಿಗೆ ಬೀಳುವ ಕಾಲವಿದು, ಈ ಗುಣಾಕಾರ ಅವರಿಗೆ ತಿಳಿದಿರುವುದು ಒಳ್ಳೆಯದು.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬಹುದಾದ ಪ್ರಯೋಗಕ್ಕೆ ಒಂದು ನಿಂಬೆಹಣ್ಣು, ಸಕ್ಕರೆ ಮತ್ತು ಒಂದು ಅಚ್ಚು ಬೆಲ್ಲ ಸಾಕು. ಒಂದು ಲೋಟ ನೀರಿಗೆ ಅರ್ಧ ಹೋಳು ನಿಂಬೆ ಹಿಂಡಿ, ಹದವೆನಿಸುವಷ್ಟು ಸಕ್ಕರೆ ಬೆರೆಸಿ ಒಂದು ಗುಟುಕು ಕುಡಿಯಿರಿ. ಬಳಿಕ ಬೆಲ್ಲದ ತುಂಡನ್ನು ಒಂದು ನಿಮಿಷ ಬಾಯಲ್ಲಿಟ್ಟು ಕರಗಿಸಿ ಮತ್ತೆ ಕುಡಿಯಿರಿ. ಹುಳಿ! ಮೊದಲಿನ ರುಚಿ ಬರುವವರೆಗೆ ಅರ್ಧರ್ಧ ಚಮಚ ಸಕ್ಕರೆ ಸೇರಿಸುತ್ತ, ಪ್ರತಿ ಸಲವೂ ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಎಷ್ಟು ಚಮಚ ಬೇಕಾಯಿತೆಂದು ಬರೆದಿಡಿ. ಕೊನೆಗೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಅದೇ ಪಾನಕದ ಇನ್ನೊಂದು ಗುಟುಕು ಕುಡಿದು ನೋಡಿ. ಮನೆಯವರಿಗೆ ಕೊಡುವುದಿದ್ದರೆ ಅಷ್ಟು ಹೊತ್ತಿಗೆ ಅದಕ್ಕೆ ಇನ್ನೊಂದು ಲೋಟ ನೀರು ಬೇಕಾದೀತು.