ಅಜ್ಜನ ನೆಗೆಟಿವುಗಳೂ ನಮ್ಮ ಹೊಣೆಯೂ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವಿಲ್ಲದ ಮನೆ ಅಪರೂಪ. ಒಡೆದ ಬುಟ್ಟಿ, ತೂತು ಬಿದ್ದ ಕೊಡ, ಮದುವೆಯ ಕಾಲದ ಟ್ರಂಕು, ಹೀಗೆ ಬೇಡವಾದರೂ ಬಿಸಾಡಲು ಮನಸ್ಸು ಬಾರದ ವಸ್ತುಗಳೆಲ್ಲ ಅಲ್ಲಿ ಸೇರುವವು. ಅವುಗಳ ನಡುವೆ ಎಷ್ಟೋ ಮನೆಗಳಲ್ಲಿ ಒಂದು ತಗಡಿನ ಡಬ್ಬಿ ಇದ್ದೀತು. ಅದರಲ್ಲಿ ಸುರುಳಿ ಸುತ್ತಿದ ಕರಿಯ ಫಿಲ್ಮು ಇದ್ದೀತು. ಬೆಳಕಿಗೆ ಹಿಡಿದರೆ ಬಿಳಿಯ ಕೂದಲಿನ, ಕರಿಯ ಮುಖದ ಜನರು ಅದರಲ್ಲಿ ಕಾಣುವರು. ಮಕ್ಕಳು ಭೂತವೆಂದು ನಗುವರು. ದೊಡ್ಡವರು ‘ಇದು ಯಾತಕ್ಕೆ ಬಂತು’ ಎಂದು ಮತ್ತೆ ಅಟ್ಟಕ್ಕೆ ಎಸೆಯುವರು. ಆ ಡಬ್ಬಿಯ ಪರವಾಗಿ ನಾಲ್ಕು ಮಾತು ಹೇಳುವದೇ ಈ ಲೇಖನದ ಉದ್ದೇಶವಾಗಿದೆ. ನನ್ನ ಸಹಪಾಠಿಗಳೂ ಗುರುಗಳೂ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ನನ್ನ ಅಜ್ಜ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಅವರ ಹತ್ತಿರ ಆಗ್ಫಾ ಕ್ಲಿಕ್ ಮೂರು ಎಂಬ ಕ್ಯಾಮೆರಾ ಇತ್ತು. ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಂಪನಿ ತಯಾರಿಸುತ್ತಿದ್ದ, ಹೆಚ್ಚಿನ ತಿರುಪುಗಳಿಲ್ಲದ ಸಾದಾ ಪೆಟ್ಟಿಗೆ ಅದು. ಅದಕ್ಕೆ ಹಾಕುವ ಫಿಲ್ಮಿಗೆ ‘ನೂರಿಪ್ಪತ್ತು’ ಎಂದು ಹೆಸರು. ಕೊಡಕ್ ಕಂಪನಿ 1901ರಲ್ಲಿ ಹೊರತಂದ ಈ ಅಳತೆಯ ಫಿಲ್ಮು ಇಂದಿಗೂ ದೊರೆಯುವದು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆಗೆ ತೊಡಗಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರಖಾನೆ ‘ಇಂದು’ ಎಂಬ ಹೆಸರಿನಲ್ಲಿ ಅದನ್ನು ಮಾರುತ್ತಿತ್ತು. ಆ ಕಾರಖಾನೆ ಈಗ ಮುಚ್ಚಿದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಮಾಸ್ತರರ ಸಂಬಳದಲ್ಲಿ ಹನ್ನೆರಡು ಚಿತ್ರವೆಂದರೆ ಅಲ್ಪ ಖರ್ಚಲ್ಲ. ಆದುದರಿಂದ ಅಜ್ಜ ಒಂದೊಂದನ್ನೂ ಯೋಚಿಸಿಯೇ ತೆಗೆದಿರಬೇಕು.

ಆ ಹಳ್ಳಿ ಈಗಿಲ್ಲ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣವಾಯಿತು. ಆ ನೀರಿನಿಂದ ನಮ್ಮ ಸೀಮೆಯ ಹೊಲಗಳು ಹಸಿರಾದವೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಹಸಿರಿಗೆ ಕೆಲವು ಊರುಗಳು ತಮ್ಮನ್ನೇ ತೆತ್ತವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ತಲೆಯೆತ್ತಿ ನಿಲ್ಲುವದನ್ನು ನೋಡಲು ಜನರು ಹೋಗುವರು. ಕಲ್ಲಿನ ಗುಡಿಯಾದರೂ ಮರಳಿ ಕಾಣುವದು. ಮಣ್ಣಿನ ಮನೆ, ಮಣ್ಣಿನ ಶಾಲೆ, ಊರ ಮುಂದಿನ ಕಟ್ಟೆ ಎಲ್ಲಿಂದ ಕಾಣಬೇಕು? ಅವು ನಮ್ಮ ಪಾಲಿಗೆ ಉಳಿದುದು ಅಜ್ಜನ ಡಬ್ಬಿಯಲ್ಲಿ ಮಾತ್ರ.

ಡಬ್ಬಿ ಉಳಿದುದೂ ಆಕಸ್ಮಿಕವೇ. ನಮ್ಮ ಮನೆ ಗೋಕಾಕದಲ್ಲಿ, ಹೊಳೆಗೆ ದೂರವಿಲ್ಲದ ಓಣಿಯಲ್ಲಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಬಂದಾಗ ನಮ್ಮ ಮನೆಯೊಳಗೆ ಎದೆಯುದ್ದ ನೀರು ನಿಂತಿತು. ಗೋಡೆಯ ಮೇಲಿನ ಪಟಗಳು, ಆಲ್ಬಮ್ಮು, ಟ್ರಂಕಿನ ಕಾಗದಪತ್ರ ಎಲ್ಲವೂ ಕೆಸರಾದವು. ಅದೃಷ್ಟವಶಾತ್ ಅಜ್ಜ ನಿವೃತ್ತರಾದ ಮೇಲೆ ಕೆಲವು ವರ್ಷ ಮೂಡಲಗಿಯ ಸೋದರತ್ತೆಯ ಮನೆಯಲ್ಲಿದ್ದರು. ಡಬ್ಬಿಯನ್ನು ಅಲ್ಲಿಯೇ ಬಿಟ್ಟಿದ್ದರು. ಅದು ಕರದಂಟಿನ ಡಬ್ಬಿ. ಕಳೆದ ದೀಪಾವಳಿಗೆ ಅತ್ತೆ ಅಟ್ಟ ಸ್ವಚ್ಛ ಮಾಡಿಸುವಾಗ ಅದು ಕೈಗೆ ಬಂತು. ಒಳಗೆ ಹದಿನಾಲ್ಕು ಸುರುಳಿ, ಅಂದರೆ 168 ಚಿತ್ರ. ಹನ್ನೊಂದು ಒಂದಕ್ಕೊಂದು ಅಂಟಿ ಕೆಟ್ಟಿದ್ದವು. ಉಳಿದವು ಚೆನ್ನಾಗಿದ್ದವು.

ಇನ್ನು ‘ಇವನ್ನು ಅಂಗಡಿಗೆ ಕೊಟ್ಟರಾಯಿತಲ್ಲ’ ಎಂದು ಕೆಲವರು ಹೇಳಬಹುದು. ನಾನೂ ಮೊದಲು ಹಾಗೆಯೇ ಮಾಡಿದೆ. ಒಂದು ಸ್ಟುಡಿಯೋಕ್ಕೆ ಒಂದು ಸುರುಳಿಯನ್ನು ಕೊಟ್ಟೆ. ಅವರು ಅದನ್ನು ಕತ್ತರಿಸುವಾಗ ಒಂದು ಚಿತ್ರದ ನಡುವೆಯೇ ಕತ್ತರಿ ಆಡಿಸಿದರು. ಕೊಟ್ಟ ಪ್ರತಿಗಳೂ ಅಂಗೈಯಗಲದವು. ಅವರನ್ನು ದೂರಿ ಫಲವಿಲ್ಲ. ಅವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕೆಲಸ. ನಮಗಾದರೋ ಅದು ಒಂದೇ. ಅಂದಿನಿಂದ ಮನೆಯಲ್ಲಿಯೇ ಮಾಡಬೇಕೆಂದು ನಿಶ್ಚಯಿಸಿದೆ.

ಮನೆಯಲ್ಲಿ ಮಾಡುವದು ಕಠಿಣವಲ್ಲ. ಕಚೇರಿಗಳಲ್ಲಿರುವ ಸಾಮಾನ್ಯ ಸ್ಕ್ಯಾನರು ಇದಕ್ಕೆ ನಡೆಯದು. ಅದು ಕಾಗದದ ಮೇಲೆ ಬಿದ್ದು ಹಿಂದಿರುಗುವ ಬೆಳಕನ್ನು ಓದುವದು. ಫಿಲ್ಮಿಗಾದರೆ ಬೆಳಕು ಹಿಂದಿನಿಂದ ತೂರಿ ಬರಬೇಕು. ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರುಗಳಿವೆ. ಆದರೆ ಬೆಲೆ ವಿದ್ಯಾರ್ಥಿಗಳ ಕೈಗೆ ನಿಲುಕುವಂಥದಲ್ಲ. ನಾನು ಗೆಳೆಯನೊಬ್ಬನ ಕ್ಯಾಮೆರಾ ತಂದೆ. ಒಂದು ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ಣ ಬಿಳಿ ಮಾಡಿ, ಅದರ ಮೇಲೆ ಮೂರು ಬೆರಳೆತ್ತರದಲ್ಲಿ ಹಾಲುಬಣ್ಣದ ಅಕ್ರಿಲಿಕ್ ಹಾಳೆಯಿಟ್ಟೆ. ಹಾಗೆ ಎತ್ತರಿಸದಿದ್ದರೆ ಪರದೆಯ ಚುಕ್ಕೆಗಳು ಚಿತ್ರದಲ್ಲಿ ಮೂಡುವವು. ಕರಿಯ ರಟ್ಟಿನಲ್ಲಿ ಚಿತ್ರದಳತೆಯ ಕಿಂಡಿ ಕೊರೆದು ಫಿಲ್ಮಿನ ಮೇಲಿಟ್ಟೆ. ಕ್ಯಾಮೆರಾ ಸರಿಯಾಗಿ ಕೆಳಮುಖವಾಗಿದೆಯೆ ಎಂದು ತಿಳಿಯಲು ಫಿಲ್ಮಿನ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡಬೇಕು. ಮಸೂರದ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಸರಿ. ಕೋಣೆಯ ದೀಪ ಆರಿಸಿ, ಕೈಯಿಂದ ಒತ್ತದೆ ಟೈಮರಿನಿಂದ ತೆಗೆಯಬೇಕು. ಆಮೇಲೆ ಜಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ತಿರುಗಿಸಿದರೆ ಅಜ್ಜನ ಕಾಲ ಕಣ್ಣೆದುರು ನಿಲ್ಲುವದು. ಮೊದಲನೆಯ ದಿನ ಶಾಲೆಯ ಫಲಕದ ಅಕ್ಷರಗಳು ತಿರುವುಮುರುವಾಗಿ ಬಂದವು. ಫಿಲ್ಮಿಗೆ ಹೊಳೆಯುವ ಮೈಯೊಂದು, ಮಂಕು ಮೈಯೊಂದು ಇರುವದೆಂದೂ, ಮಂಕು ಮೈ ಮೇಲಾದರೆ ಚಿತ್ರ ಎಡಬಲವಾಗುವದೆಂದೂ ಆಗ ತಿಳಿಯಿತು.

ಈ ಫಿಲ್ಮಿನ ಹಿರಿಮೆ ಅದರ ಅಗಲದಲ್ಲಿದೆ. ಒಂದು ಚಿತ್ರ ಸುಮಾರು 56 ಮಿಲಿಮೀಟರಿನ ಚೌಕ. ಮುಂದೆ ರೂಢಿಗೆ ಬಂದ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಅಂಗುಲಕ್ಕೆ 2400 ಚುಕ್ಕೆಗಳಂತೆ ಓದಿದರೂ ಎರಡೂವರೆ ಕೋಟಿಗೆ ಮೀರಿದ ಚುಕ್ಕೆಗಳು ದೊರೆಯುವವು. ಆದುದರಿಂದ ಸಾದಾ ಪೆಟ್ಟಿಗೆಯಿಂದ ತೆಗೆದುದಾದರೂ ಹಿಗ್ಗಿಸಿ ನೋಡಿದಾಗ ಹಿಂದಿನ ಸಾಲಿನ ಹುಡುಗನ ಅಂಗಿಯ ತೇಪೆ ಕೂಡ ಕಾಣುವದು. ಅಂದಿನ ಸಣ್ಣ ಪ್ರತಿಗಳಲ್ಲಿ ಅದು ಯಾರಿಗೂ ಕಂಡಿರಲಿಕ್ಕಿಲ್ಲ.

ಆದರೆ ಪ್ರತಿಗೂ ನೆಗೆಟಿವಿಗೂ ಇದಕ್ಕಿಂತ ದೊಡ್ಡ ಅಂತರವೊಂದಿದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ನಮ್ಮ ಪಡಸಾಲೆಯಲ್ಲಿ ಅಜ್ಜನ ತಮ್ಮನ ಮದುವೆಯ ಪಟ ಒಂದಿತ್ತು. ಅಜ್ಜನೇ ತೆಗೆದುದು. ಪ್ರವಾಹದಲ್ಲಿ ಹೋಯಿತು, ಆದರೂ ನನಗೆ ಅದರ ನೆನಪು ಚೆನ್ನಾಗಿತ್ತು. ಎಂಟು ಜನ ನಿಂತಿದ್ದರು. ನೆಗೆಟಿವನ್ನು ತಿರುಗಿಸಿ ನೋಡಿದಾಗ ಒಂಬತ್ತು ಜನ! ಬಲ ಅಂಚಿನಲ್ಲಿ, ಕಂಬಕ್ಕೆ ಆತು, ಬರಿ ಹಣೆಯ ಒಬ್ಬ ತರುಣಿ ನಿಂತಿದ್ದಳು. ನಾನು ಉತ್ಸಾಹದಿಂದ ಆ ಚಿತ್ರವನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ, ‘ಇವರು ಯಾರು?’ ಎಂದು ಕೇಳಿದೆ. ಅರ್ಧ ತಾಸಿನಲ್ಲಿ ಹುಕ್ಕೇರಿಯಿಂದ ಕಾಕಾನ ಫೋನು ಬಂತು. “ಮುಚ್ಚಿದ ಮಾತು ಮಂದಿ ಮುಂದ ಯಾಕ ಹಾಕಿದಿ? ಆಯಿನ್ನ ಒಂದ ಮಾತ ಕೇಳಿದ್ಯಾ?” ಎಂದು ಬಹಳ ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಾನು ಕೇಳಿರಲಿಲ್ಲ.

ಆಯಿಗೆ ಈಗ ಎಂಬತ್ತಾರು ವರ್ಷ. ಚಿತ್ರವನ್ನು ದೊಡ್ಡದು ಮಾಡಿ ಅವಳ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು. “ಅಕಿ ನಿಮ್ಮಜ್ಜನ ತಂಗಿ. ಗಂಡ ತೀರಿಕೊಂಡು ಎರಡ ವರ್ಷ ಆಗಿತ್ತು. ಮದವಿ ಫೋಟೋದಾಗ ಅಕಿ ಬ್ಯಾಡಂತ ಕಟ್ಟು ಹಾಕಸೂ ಮುಂದ ಅಂಚು ಕತ್ತರಸಿದ್ವಿ,” ಎಂದಳು. ಯಾರು ಕತ್ತರಿಸಿದರೆಂದು ಕೇಳಿದೆ. “ನಾನs ಹೇಳಿದ್ದೆ,” ಎಂದಳು. ಆಮೇಲೆ, “ಅಕಿದು ಬ್ಯಾರೆ ಒಂದೂ ಫೋಟೋ ಇಲ್ಲೋ ತಮ್ಮಾ,” ಎಂದು ಸುಮ್ಮನಾದಳು. ಮರುದಿನ ತಾನಾಗಿಯೇ ಕರೆದು, ಅಂಚು ಕತ್ತರಿಸದೆ ಪಟ ಮಾಡಿಸಿಕೊಂಡು ಬಾ ಎಂದಳು. ಕಾಕಾ ಇನ್ನೂ ಪೂರ್ಣ ಒಪ್ಪಿಲ್ಲ. ಆದರೂ ಪಟ ಪಡಸಾಲೆಯಲ್ಲಿದೆ.

ಇದರಿಂದ ನಾನು ಕಂಡುಕೊಂಡುದು ಇಷ್ಟು. ಪ್ರತಿಯೆಂಬುದು ಮನೆಯವರ ತೀರ್ಪು, ನೆಗೆಟಿವೆಂಬುದು ಸಾಕ್ಷಿ. ಅಜ್ಜ ಕ್ಯಾಮೆರಾದೊಳಗೆ ನೋಡಿ ತಂಗಿಯನ್ನೂ ಸೇರಿಸಿಕೊಂಡಿದ್ದರು. ಕತ್ತರಿ ಅವಳನ್ನು ಹೊರಗಿಟ್ಟಿತು. ಐವತ್ತು ವರ್ಷ ನಾವು ತೀರ್ಪನ್ನೇ ನೋಡುತ್ತ ಬಂದೆವು. ಆದುದರಿಂದ ಸ್ಕ್ಯಾನು ಮಾಡುವಾಗ ಫಿಲ್ಮಿನ ಅಂಚಿನವರೆಗೂ ಮಾಡಬೇಕು. ನಮ್ಮ ಕಣ್ಣಿಗೆ ಚೆಂದ ಕಾಣಲೆಂದು ಕತ್ತರಿಸಬಾರದು. ಈಚೆಗೆ ಯಂತ್ರಬುದ್ಧಿಯಿಂದ ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚುವ, ಮುಖಗಳನ್ನು ತಿದ್ದುವ ಚಟ ಬೆಳೆದಿದೆ. ಆಯಿಯ ಸೀರೆಯ ಬಣ್ಣ ಯಂತ್ರಕ್ಕೇನು ಗೊತ್ತು? ಅದು ಊಹಿಸುವದು, ನಾವು ನಂಬುವೆವು. ವಿನೋದಕ್ಕೆ ಮಾಡುವದಿದ್ದರೆ ಬೇರೆ ಪ್ರತಿಯ ಮೇಲೆ ಮಾಡಲಿ, ಮೂಲವನ್ನು ಮುಟ್ಟಬಾರದು.

ಸ್ಕ್ಯಾನಾದ ಮೇಲೆ ಫಿಲ್ಮನ್ನು ಎಸೆಯಬಹುದೆಂಬುದು ಇನ್ನೊಂದು ತಪ್ಪು ತಿಳುವಳಿಕೆ. ಕಂಪ್ಯೂಟರಿನ ಡಿಸ್ಕು ಒಂದು ದಿನ ಹೇಳದೆ ಕೇಳದೆ ಸಾಯುವದು. ಅಜ್ಜನ ಫಿಲ್ಮು ಅರ್ಧ ಶತಮಾನ ಕರದಂಟಿನ ಡಬ್ಬಿಯಲ್ಲಿ ಬದುಕಿದೆ. ಅದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಶುಭ್ರ ಕಾಗದದ ಲಕೋಟೆಯಲ್ಲಿ, ತಂಪಾದ ಒಣ ಜಾಗದಲ್ಲಿಡಬೇಕು. ಸಿರ್ಕಾದ ವಾಸನೆ ಬರುವ ಫಿಲ್ಮಿದ್ದರೆ ಅದನ್ನು ಬೇರೆಯಿಟ್ಟು ಮೊದಲು ಸ್ಕ್ಯಾನು ಮಾಡಬೇಕು. ಅಸಿಟೇಟಿನ ಹಾಳೆ ಕೊಳೆಯಲಾರಂಭಿಸಿದುದರ ಗುರುತು ಅದು, ಒಮ್ಮೆ ಹತ್ತಿದರೆ ವೇಗವಾಗಿ ಬೆಳೆಯುವದು. ಹೊಳೆಸಾಲಿನವರಾದ ನಾವು ಇನ್ನೊಂದನ್ನು ನೆನಪಿಡಬೇಕು. ನೆರೆಯಲ್ಲಿ ನೆನೆದ ಫಿಲ್ಮನ್ನು ಬಿಸಿಲಿಗೆ ಹಾಕಿದರೆ ಅಂಟಿ ಹಾಳಾಗುವದು. ಶುಭ್ರವಾದ ತಣ್ಣೀರಿನಲ್ಲಿಟ್ಟು ಮೆಲ್ಲಗೆ ಬಿಡಿಸಿ, ನೆರಳಿನಲ್ಲಿ ನೇತುಹಾಕಬೇಕು.

ಎಲ್ಲಕ್ಕಿಂತ ಅವಸರದ ಕೆಲಸವೆಂದರೆ ಹೆಸರು ಬರೆದುಕೊಳ್ಳುವದು. ಫಿಲ್ಮು ಇನ್ನೂ ಇಪ್ಪತ್ತು ವರ್ಷ ತಡೆದೀತು, ಆಯಿ ತಡೆಯಲಾರಳು. ಹೆಸರಿಲ್ಲದ ಮುಖ ಎಷ್ಟು ಸ್ಪಷ್ಟವಾಗಿದ್ದರೇನು? ನಾನು ಈಗ ವಾರಕ್ಕೆ ಐದು ಚಿತ್ರದಂತೆ ಆಯಿಯ ಮುಂದಿಟ್ಟು ಅವಳ ಮಾತನ್ನು ಅವಳ ನುಡಿಯಲ್ಲಿಯೇ ಬರೆದುಕೊಳ್ಳುತ್ತಿದ್ದೇನೆ. ಯಾವುದನ್ನು ಹೊರಗೆ ತೋರಿಸಬೇಕು, ಯಾವುದನ್ನು ಬೇಡ ಎಂಬುದನ್ನೂ ಅವಳೇ ಹೇಳುವಳು. ಉಳಿಸುವದಕ್ಕೆ ಯಾರ ಅಪ್ಪಣೆಯೂ ಬೇಡ, ತೋರಿಸುವದಕ್ಕೆ ಬೇಕು.

ಇದು ಬರಿ ಮನೆತನದ ಮಾತೆಂದು ತಿಳಿಯಬಾರದು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ನಾಡೆಲ್ಲ ತಿರುಗಿ ತೆಗೆದ ಚಿತ್ರಗಳನ್ನು ಅವರ ಮನೆಯವರೇ ಅಂತರ್ಜಾಲದಲ್ಲಿಟ್ಟು ಜಗತ್ತಿಗೆ ಕೊಟ್ಟರು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನಮ್ಮ ಮೂಡಲಗಿ ಸೀಮೆಯ ಕೊಡುಗೆ. ಕೌಜಲಗಿ ನಿಂಗಮ್ಮನ ಹೆಸರನ್ನು ನಾವೆಲ್ಲ ಹೆಮ್ಮೆಯಿಂದ ಹೇಳುವೆವು. ಆ ಆಟಗಳನ್ನು ಕಣ್ತುಂಬ ನೋಡಿದ ಜನ ಹೇಗಿದ್ದರು, ಅವರ ಊರು ಹೇಗಿತ್ತು, ಗೋಕಾಕ ಗಿರಣಿಯ ಕೂಲಿಕಾರರು ರಜೆಯ ದಿನ ಎಂಥ ಅಂಗಿ ತೊಡುತ್ತಿದ್ದರು, ಇವನ್ನು ಯಾವ ಗ್ಯಾಜೆಟಿಯರೂ ಹೇಳದು. ಹೇಳಿದರೆ ನಮ್ಮ ಅಟ್ಟಗಳೇ ಹೇಳಬೇಕು.

ನಮ್ಮ ಕಾಲೇಜಿನ ಇತಿಹಾಸ ವಿಭಾಗವು ಒಂದು ಕ್ಯಾಮೆರಾ ನಿಲುಗಡೆಯನ್ನೂ ಬೆಳಕಿನ ಪೆಟ್ಟಿಗೆಯನ್ನೂ ಇಟ್ಟುಕೊಂಡು, ವಾರಕ್ಕೊಂದು ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಒದಗಿಸಿದರೆ ಬಹಳ ಉಪಕಾರವಾದೀತೆಂದು ಗುರುಗಳಲ್ಲಿ ವಿನಂತಿ. ಖರ್ಚು ಅಲ್ಪ. ಮಿತ್ರರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಈ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿರಿ. ಡಬ್ಬಿ ಸಿಕ್ಕರೆ ತೆರೆಯುವ ಮೊದಲು ಕೈ ತೊಳೆದುಕೊಳ್ಳಿರಿ. ತೆರೆದ ಮೇಲೆ ಮನೆಯ ಹಿರಿಯರ ಹತ್ತಿರ ಹೋಗಿ ಕೂಡ್ರಿರಿ. ಅಂಚಿನಲ್ಲಿ ಯಾರು ನಿಂತಿದ್ದಾರೆಂದು ಅವರೊಬ್ಬರೇ ಬಲ್ಲರು.