ಗಣಕಕ್ಕೆ ಕೇಳಿಸದ ಕರೆ

ಪ್ರಯೋಗಶಾಲೆಯ ತಕ್ಕಡಿ 125.4 ಗ್ರಾಂ ಎಂದು ಕಳುಹಿಸುತ್ತದೆ; ಗಣಕ 15.4 ಎಂದು ಬರೆದುಕೊಳ್ಳುತ್ತದೆ. ನಡುವೆ ಒಂದು ಅಂಕೆ ಕಳೆದುಹೋದದ್ದು ಯಾರ ಗಮನಕ್ಕೂ ಬಾರದು. ಬಂದರೂ ನಮ್ಮವರು ಮೊದಲು ಕೇಬಲನ್ನು ಬದಲಿಸುತ್ತಾರೆ, ಆಮೇಲೆ ವೇಗವನ್ನು ತಗ್ಗಿಸುತ್ತಾರೆ. ಇದನ್ನು ಚಿಕಿತ್ಸೆಯೆಂದು ನಾನು ಒಪ್ಪಲಾರೆ.

ಅಕ್ಷರ ಬಂದೊಡನೆ ಸೀರಿಯಲ್ ಪೋರ್ಟಿನ ಚಿಪ್ಪು ಪ್ರೊಸೆಸರನ್ನು ಕರೆಯುತ್ತದೆ. ಈ ಕರೆಯೇ ಇಂಟರಪ್ಟ್. ಸೆಕೆಂಡಿಗೆ 1,15,200 ಬಿಟ್ಟುಗಳ ವೇಗದಲ್ಲಿ, ಅಕ್ಷರವೊಂದಕ್ಕೆ 10 ಬಿಟ್ಟುಗಳಂತೆ, 87 ಮೈಕ್ರೊಸೆಕೆಂಡಿಗೊಂದು ಅಕ್ಷರ ಬರುತ್ತದೆ. ಹಳೆಯ 8250 ಚಿಪ್ಪಿನಲ್ಲಿ ಬಂದ ಒಂದೇ ಅಕ್ಷರಕ್ಕೆ ಸ್ಥಳ. ಓಗೊಡುವುದು ತಡವಾದರೆ ಮುಂದಿನದು ಅದನ್ನು ಅಳಿಸಿಬಿಡುತ್ತದೆ. 16550ಎ ಚಿಪ್ಪಿನಲ್ಲಿ 16 ಅಕ್ಷರಗಳಿಗೆ ಎಡೆಯುಂಟು. ಇನ್ನೊಂದು ತೊಡಕು ಪಿ.ಸಿ. ಗಣಕಗಳ ಹಳೆಯ ರೂಢಿಯದು: 1ನೆಯ ಮತ್ತು 3ನೆಯ ಪೋರ್ಟುಗಳೆರಡಕ್ಕೂ ಕರೆಯಲು ಒಂದೇ ಸಾಲು. ಒಂದು ಕೂಗುತ್ತಿರುವಾಗ ಇನ್ನೊಂದರ ಕೂಗು ಅದರಲ್ಲೇ ಅಡಗಿಹೋಗಬಹುದು.

ಇದನ್ನೆಲ್ಲ ಊಹಿಸುತ್ತ ಕೂರಬೇಕೆ? ಲಿನಕ್ಸ್ ವ್ಯವಸ್ಥೆಯ ‘ಪ್ರೋಕ್’ ಕೋಶದಲ್ಲಿರುವ ‘ಇಂಟರಪ್ಟ್ಸ್’ ಕಡತವು ಪ್ರತಿ ಕರೆಯನ್ನೂ ಎಣಿಸಿಡುತ್ತದೆ. ಪೋರ್ಟಿಗೆ ಅಕ್ಷರಗಳು ಬರುತ್ತಿರುವಾಗ ಅದನ್ನು ಎರಡು ಬಾರಿ ಓದಿರಿ. ಎಣಿಕೆ ಏರದಿದ್ದರೆ ಕರೆಯೇ ತಲುಪುತ್ತಿಲ್ಲ. ಏರಿಯೂ ಅಕ್ಷರ ನಷ್ಟವಾಗುತ್ತಿದ್ದರೆ ಓಗೊಡುವಲ್ಲಿನ ವಿಳಂಬವನ್ನು ಶಂಕಿಸಬೇಕು. ಈ ಎರಡು ನಿಮಿಷದ ಕೆಲಸಕ್ಕೆ ಬೇಸರಪಟ್ಟು ಎರಡು ದಿನ ಕೇಬಲುಗಳನ್ನು ಬದಲಿಸುವವರನ್ನು ಕಂಡಿದ್ದೇನೆ.

‘ಸೆಟ್‌ಸೀರಿಯಲ್’ ಆಜ್ಞೆಯಿಂದ ಇಂಟರಪ್ಟ್ ಸಂಖ್ಯೆಯನ್ನು 0 ಮಾಡಿದರೆ, ಕರೆಗೆ ಕಾಯದೆ ಆಗಾಗ ಪೋರ್ಟನ್ನು ಇಣುಕಿ ನೋಡುವ ಕ್ರಮ ಜಾರಿಗೆ ಬರುತ್ತದೆ. ಆಗ ಪೋರ್ಟು ನಡೆದರೆ ಕೇಬಲು ನಿರ್ದೋಷಿಯೆಂದು ತಿಳಿಯಿತು. ಪರೀಕ್ಷೆಗೆ ಅಷ್ಟು ಸಾಕು. ಅದನ್ನೇ ಖಾಯಂ ಮಾಡುವವರು ಒಂದು ಲೆಕ್ಕ ಹಾಕಿ ನೋಡಲಿ: ಆ 16 ಸ್ಥಾನಗಳೂ ತುಂಬಲು 1.4 ಮಿಲಿಸೆಕೆಂಡು ಸಾಕು.