ವೇಷಕ್ಕಿಂತ ಮುಂಚೆ ಕಾಲ
‘ಹೇರ್‌ಸ್ಪ್ರೇ’ ಎಂಬ ಅಮೆರಿಕದ ಸಂಗೀತನಾಟಕ ಬ್ರಾಡ್‌ವೇ ರಂಗವನ್ನೇರಿದ್ದು 2002ರಲ್ಲಿ. ಕಥೆ ನಡೆಯುವುದು 1962ರ ಬಾಲ್ಟಿಮೋರ್ ನಗರದಲ್ಲಿ. ಅದರ ಹದಿಹರೆಯದ ಪಾತ್ರಗಳನ್ನು ವಹಿಸುವವರು ಆ ಕಾಲದ ಉಬ್ಬಿಸಿದ ತಲೆಗೂದಲನ್ನೂ ಕುಣಿತದ ಹೆಜ್ಜೆಯನ್ನೂ ಅಭ್ಯಾಸಮಾಡಿದರೆ ಸಾಕೆಂಬ ಮಾತನ್ನು, ನಾಟಕ ಪಾಠ ಹೇಳುವ ನಾನು ಒಪ್ಪಲಾರೆ. ಈ ಕಥೆಗೆ ಪ್ರೇರಣೆಯಾದದ್ದು ಆ ಊರಿನ ‘ಬಡ್ಡಿ ಡೀನ್ ಷೋ’ ಎಂಬ ಟೆಲಿವಿಷನ್ ಕಾರ್ಯಕ್ರಮ. ಅಲ್ಲಿ ಕುಣಿಯುತ್ತಿದ್ದವರು ಬಿಳಿಯರ ಮಕ್ಕಳು. ಕಪ್ಪು ಜನರ ಮಕ್ಕಳಿಗೆ ಗೊತ್ತುಪಡಿಸಿದ ಕೆಲವೇ ದಿನಗಳು, ಅದೂ ಪ್ರತ್ಯೇಕವಾಗಿ. ಕುಣಿಸಿದ ಸಂಗೀತದಲ್ಲಿಯೋ, ಎಷ್ಟೋ ಪಾಲು ಅವರ ಜನಾಂಗದ್ದೇ! ನಾಟಕದ ಕೊನೆಗೆ ಎಲ್ಲರೂ ಕೂಡಿ ಕುಣಿಯುತ್ತಾರೆ. ನಿಜದಲ್ಲಿ, ಕೂಡಿ ಕುಣಿಸುವ ಬದಲು 1964ರ ಜನವರಿಯಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಇದನ್ನರಿತ ನಟಿಯ ಕಂಠದಲ್ಲಿ ಆ ಕೊನೆಯ ಹಾಡಿಗೆ ಬೇರೆಯೇ ತೂಕ ಬರುತ್ತದೆಂದು ನನ್ನ ನಂಬಿಕೆ.